ಇದಕ್ಕೇನು ಹಾಕಿದ್ದೀರಿ?

ಹೊಸ ಕಾಲದ ಚಿತ್ರಗಳ ಮುಂದೆ ನಿಂತಾಗ ನಾವು ಹೆಂಗಸರು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತೇವೆ. ಒಂದು, ಪಕ್ಕದಲ್ಲಿರುವವರ ಮುಖ ನೋಡುವುದು. ಇನ್ನೊಂದು, "ನಮಗೆಲ್ಲಿ ಅರ್ಥವಾಗುತ್ತೆ ಬಿಡಿ" ಎಂದು ಸೆರಗು ಸರಿಮಾಡಿಕೊಂಡು ಮುಂದಕ್ಕೆ ಹೋಗುವುದು. ಅದೇ ನಾವು ಬೇರೆಯವರ ಮನೆಗೆ ಊಟಕ್ಕೆ ಹೋದಾಗ ಇಷ್ಟು ಸಂಕೋಚಪಡುವುದಿಲ್ಲ. ಬಾಳೆಲೆಯ ತುದಿಯಲ್ಲಿ ಬಡಿಸಿದ ಗೊಜ್ಜು ನಾಲಿಗೆಗೆ ತಾಕಿದ ಕೂಡಲೇ, "ಇದಕ್ಕೇನು ಹಾಕಿದ್ದೀರಿ?" ಎಂದು ಕೇಳಿಯೇಬಿಡುತ್ತೇವೆ. ಗೊಜ್ಜಿನ ಅರ್ಥವೇನೆಂದು ಯಾರೂ ಕೇಳುವುದಿಲ್ಲ. ಹುಚ್ಚೆಳ್ಳು ಹುರಿದು ಹಾಕಿದೆ ಎಂದರೆ ಅವರ ಊರು ಯಾವ ಕಡೆಯದೆಂದು ಗೊತ್ತಾಗುತ್ತದೆ. ಹುಣಿಸೆಹಣ್ಣು ಹಳೆಯದು ಎಂದರೆ ಅವರ ಮನೆಯಲ್ಲಿ ಅತ್ತೆಯ ಕೈ ಇನ್ನೂ ನಡೆಯುತ್ತಿದೆ ಎಂದು ಗೊತ್ತಾಗುತ್ತದೆ. ಒಂದು ಪ್ರಶ್ನೆಯಿಂದ ಒಂದು ಮನೆಯೇ ತೆರೆದುಕೊಳ್ಳುತ್ತದೆ.

ಚಿತ್ರದ ಮುಂದೆಯೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ ಎಂಬುದು ನನ್ನ ವಾದ. ಏನು ಹಾಕಿ ಮಾಡಿದ್ದಾರೆ, ಹೇಗೆ ಮಾಡಿದ್ದಾರೆ, ಯಾರ ಕೈ ದುಡಿದಿದೆ, ಎಷ್ಟು ಹೊತ್ತು ದುಡಿದಿದೆ. ಅರ್ಥ ಎನ್ನುವುದು ಇವುಗಳ ಹಿಂದೆ ತಾನಾಗಿ ಬರುತ್ತದೆ. ನಾನೇನೂ ಕಲಾವಿಮರ್ಶಕಿಯಲ್ಲ. ಬಿ.ಎ., ಬಿ.ಎಡ್. ಮಾಡಿಕೊಂಡು, ನಂಜನಗೂಡಿನ ಮನೆಗೂ ಟಿ. ನರಸೀಪುರದ ಕಡೆಯ ಶಾಲೆಗೂ ನಡುವೆ ಬಸ್ಸಿನಲ್ಲಿ ಓಡಾಡುತ್ತಾ, ಮಕ್ಕಳಿಗೆ ಕನ್ನಡ ಮತ್ತು ಸಮಾಜ ಪಾಠ ಹೇಳುವವಳು. ಆದರೆ ಈ ಎರಡು ಊರುಗಳ ನಡುವೆಯೇ ನನ್ನ ವಾದಕ್ಕೆ ಬೇಕಾದ ಮೊದಲ ಸಾಕ್ಷಿ ಸಿಗುತ್ತದೆ.

ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಒಬ್ಬರಾದರೂ ಕೇಳುತ್ತಾರೆ: "ಮಿಸ್, ಕಲ್ಲಿನಲ್ಲಿ ಇಷ್ಟು ಸಣ್ಣ ಸರ ಹೇಗೆ ಮಾಡಿದರು?" ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ ಕೇಶವ ದೇವಾಲಯ ಅದು. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಶಿಲ್ಪಿಗಳ ಭಕ್ತಿ, ರಾಜರ ಆಶ್ರಯ ಎಂದೆಲ್ಲ ಪಾಠದಲ್ಲಿ ಹೇಳಬಹುದು. ಆದರೆ ಮಗುವಿನ ಪ್ರಶ್ನೆಗೆ ಉತ್ತರ ಅದಲ್ಲ. ಉತ್ತರ ಒಂದು ಕಾಲದಲ್ಲಿ ಎಲ್ಲ ಮಕ್ಕಳ ಚೀಲದಲ್ಲೂ ಇತ್ತು. ಆ ಗುಡಿಯ ಕಲ್ಲು ಬಳಪದ ಕಲ್ಲು. ನಾವು ಸ್ಲೇಟಿನ ಮೇಲೆ ಅ ಆ ಇ ಈ ತಿದ್ದಿದ, ಕದ್ದು ಕಚ್ಚಿ ತಿಂದ ಬಳಪದ ಜಾತಿಯ ಕಲ್ಲು. ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಉಳಿಗೆ ಬಗ್ಗುತ್ತದೆ, ಗಾಳಿ ಬಿಸಿಲಿಗೆ ಬಿದ್ದಮೇಲೆ ನಿಧಾನವಾಗಿ ಗಟ್ಟಿಯಾಗುತ್ತದೆ. ಆ ಮೆತುವು ಇಲ್ಲದಿದ್ದರೆ ಆ ಸರವೂ ಇಲ್ಲ, ಬೆರಳಿನ ಉಂಗುರವೂ ಇಲ್ಲ. ಅಲ್ಲಿಯ ಹಲವು ವಿಗ್ರಹಗಳ ಕೆಳಗೆ ಮಲ್ಲಿತಮ್ಮ ಎಂಬ ಶಿಲ್ಪಿಯ ಹೆಸರಿದೆ. ಮಾಡಿದ ಕೈ ಯಾರದೆಂದು ಕಲ್ಲೇ ಹೇಳುತ್ತದೆ.

ಈಗ ನಮ್ಮ ನಂಜನಗೂಡಿಗೆ ಬನ್ನಿ. ಶ್ರೀಕಂಠೇಶ್ವರನ ಗುಡಿ ಸೋಮನಾಥಪುರಕ್ಕಿಂತ ಎಷ್ಟೋ ದೊಡ್ಡದು, ಆದರೆ ಒಳಗಿನ ಸಾಲುಕಂಬಗಳಲ್ಲಿ ಆ ಕುಸುರಿ ಇಲ್ಲ. ಶಿಲ್ಪಿಗಳಿಗೆ ಬರುತ್ತಿರಲಿಲ್ಲವೆಂದಲ್ಲ. ಇಲ್ಲಿಯದು ಗಟ್ಟಿ ಕಗ್ಗಲ್ಲು. ಅದು ಸೂಕ್ಷ್ಮಕ್ಕೆ ಒಲಿಯುವುದಿಲ್ಲ, ಭಾರ ಹೊರುವುದಕ್ಕೆ ಒಲಿಯುತ್ತದೆ. ಹಾಗಾಗಿ ಕಲ್ಲು ಕಂಬವಾಗಿ ನಿಂತಿತು, ಬೊಂಬೆಗಳೆಲ್ಲ ಇಟ್ಟಿಗೆ ಗಾರೆಯಲ್ಲಿ ಗೋಪುರದ ಮೇಲೆ ಹತ್ತಿ ಕುಳಿತವು. ಮಾಡಿದವನ ಮನಸ್ಸಿನಷ್ಟೇ ಸಾಮಗ್ರಿಯ ಮನಸ್ಸೂ ಕೆಲಸದಲ್ಲಿ ಸೇರಿರುತ್ತದೆ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಸ ಅಕ್ಕಿಯಲ್ಲಿ ಚಿತ್ರಾನ್ನ ಮಾಡಲು ಹೋದವರಿಗೆಲ್ಲ ಗೊತ್ತಿದೆ.

ಕಲ್ಲಿನಿಂದ ಬಣ್ಣಕ್ಕೆ ಬರೋಣ. ನಮ್ಮ ಕಡೆ ಹಳೆಯ ಮನೆಗಳ ದೇವರ ಗೂಡಿನಲ್ಲಿ ಒಂದಾದರೂ ಮೈಸೂರು ಶೈಲಿಯ ಪಟವಿರುತ್ತಿತ್ತು. ಎಣ್ಣೆಯ ಹೊಗೆ ಹಿಡಿದು ಬಣ್ಣವೆಲ್ಲ ಕಪ್ಪಾಗಿದ್ದರೂ ದೀಪ ಹಚ್ಚಿದಾಗ ಲಕ್ಷ್ಮಿಯ ಕಿರೀಟ ಮಾತ್ರ ಮಿನುಗುತ್ತಿತ್ತು. ಆ ಮಿನುಗಿಗೆ ಹಾಕಿದ್ದೇನು? ಹುಣಿಸೆ ಕಡ್ಡಿ ಸುಟ್ಟ ಇದ್ದಿಲಿನಲ್ಲಿ ಮೊದಲು ಗೆರೆ ಬರೆಯುತ್ತಿದ್ದರು. ಆಮೇಲೆ ಸಫೇದ, ರೇವಲಚಿನ್ನಿ ಹಾಲು, ಅಂಟು ಸೇರಿಸಿ ಮಾಡಿದ ಮಕ್ಕಿ ಎಂಬ ಸರಿಯನ್ನು ಕುಂಚದ ತುದಿಯಲ್ಲಿ ತೆಗೆದುಕೊಂಡು ಒಡವೆ, ಜರಿ, ಕಮಾನುಗಳಿರುವ ಕಡೆ ಸಣ್ಣಗೆ ಉಬ್ಬಿಸುತ್ತಿದ್ದರು. ಅದರ ಮೇಲೆ ಚಿನ್ನದ ರೇಕು. ತಂಜಾವೂರಿನ ಪಟಗಳಲ್ಲಿ ಈ ಉಬ್ಬು ದಪ್ಪ, ಅದರಲ್ಲಿ ಗಾಜಿನ ಹರಳುಗಳೂ ಕೂರುತ್ತವೆ. ನಮ್ಮದರಲ್ಲಿ ಉಬ್ಬು ತೆಳು, ಬೆರಳಾಡಿಸಿದರೆ ತಿಳಿಯುವಷ್ಟೇ. ದೀಪ ಅಲುಗಿದಂತೆ ಆ ಸಣ್ಣ ಏರುತಗ್ಗುಗಳ ಮೇಲೆ ಬೆಳಕು ಜಾರುತ್ತದೆ. ಅಂದರೆ ಆ ಪಟ ಗೋಡೆಯ ಮೇಲಿನ ಟ್ಯೂಬ್ ಲೈಟಿಗೆ ಬರೆದದ್ದಲ್ಲ, ಅಲುಗುವ ದೀಪಕ್ಕೆ ಬರೆದದ್ದು. ಈಗ ಡಬ್ಬಿಯ ಚಿನ್ನದ ಬಣ್ಣ ಬಳಿದು ಮಾರುವವುಗಳಲ್ಲಿ ಗೆರೆಯೆಲ್ಲ ಸರಿಯಾಗಿದ್ದರೂ ಈ ಜೀವ ಬರುವುದಿಲ್ಲ. ಸಾಮಗ್ರಿ ಬದಲಾಯಿತು, ದೇವರೂ ಸ್ವಲ್ಪ ಬದಲಾದಳು.

ಚಿನ್ನವೇ ಇಲ್ಲದೆ ಬೆಳಕು ತಂದ ಚಿತ್ರವೂ ನಮ್ಮ ಹತ್ತಿರವೇ ಇದೆ. ಮೈಸೂರಿನ ಜಗನ್ಮೋಹನ ಅರಮನೆಯ ಕಲಾಸಂಗ್ರಹದಲ್ಲಿರುವ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ನೋಡದವರು ನಮ್ಮಲ್ಲಿ ಕಡಿಮೆ. ರವಿವರ್ಮನದೆಂದು ಬಹಳ ಜನ ಇಂದಿಗೂ ಹೇಳುತ್ತಾರೆ. ಅದನ್ನು ಬರೆದವರು ಸಾವಂತವಾಡಿಯ ಎಸ್. ಎಲ್. ಹಳದಣಕರ್, 1945-46ರ ಸುಮಾರಿನಲ್ಲಿ. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಆಕೆ ಗೀತಾ ಉಪಲೇಕರ್ ಆಗಿ, ನೂರು ದಾಟಿ ಬದುಕಿ, 2018ರಲ್ಲಿ ತೀರಿಕೊಂಡರು. ಮುಖದ ಸೌಂದರ್ಯ, ಬೆರಳ ಸಂದಿನ ಕೆಂಪು, ಇವನ್ನೆಲ್ಲ ಎಲ್ಲರೂ ಹೊಗಳುತ್ತಾರೆ. ಆದರೆ ಇದು ಎಣ್ಣೆಬಣ್ಣದ ಚಿತ್ರವಲ್ಲ, ಜಲವರ್ಣ. ಎಣ್ಣೆಬಣ್ಣದಲ್ಲಿ ಕತ್ತಲೆ ಮೊದಲು ಬಳಿದು ಅದರ ಮೇಲೆ ಬೆಳಕನ್ನು ದಪ್ಪಗೆ ಇಡಬಹುದು, ತಪ್ಪಿದರೆ ಮುಚ್ಚಬಹುದು. ಜಲವರ್ಣದ ಕಟ್ಟುನಿಟ್ಟೇ ಬೇರೆ. ಅಲ್ಲಿ ಬಿಳುಪೆಂದರೆ ಕಾಗದದ ಮೈ. ಬೆಳಕು ಎಲ್ಲಿರಬೇಕೋ ಅಲ್ಲಿ ಕುಂಚ ಸುಮ್ಮನಿರಬೇಕು. ಸುತ್ತಲಿನ ಕತ್ತಲನ್ನು ಪದರಪದರವಾಗಿ ತರುತ್ತಾ, ಬೆಳಕನ್ನು ಮುಟ್ಟದೆ ಕಾಪಾಡಿಕೊಂಡು ಬರಬೇಕು. ಗಾಳಿಗೆ ದೀಪ ಆರದ ಹಾಗೆ ಅಂಗೈ ಅಡ್ಡ ಹಿಡಿದು ಹೋಗುವುದು ಚಿತ್ರದೊಳಗಿನ ಹೆಂಗಸಿನ ಕೆಲಸ. ಬರೆದವನೂ ಕಾಗದದ ಮೇಲೆ ಅದನ್ನೇ ಮಾಡಿದ್ದಾನೆ. ಇದು ತಿಳಿದ ಮೇಲೆ ಆ ಚಿತ್ರವನ್ನು ಬರಿಯ ಚೆಂದದ ಮುಖವೆಂದು ನೋಡಲು ನನ್ನಿಂದಾಗಿಲ್ಲ.

ಇಷ್ಟರವರೆಗೆ ನಮ್ಮ ಜೊತೆ ಬಂದವರು, ಇಂದಿನ ಚಿತ್ರಗಳ ಬಾಗಿಲಿಗೆ ಬಂದಾಗ ಚಪ್ಪಲಿ ಹುಡುಕುತ್ತಾರೆ. ಸ್ವಲ್ಪ ತಡೆಯಿರಿ. ನಮ್ಮ ಪ್ರಶ್ನೆ ಅಲ್ಲಿಯೂ ನಡೆಯುತ್ತದೆ.

ಎನ್. ಎಸ್. ಹರ್ಷ ಮೈಸೂರಿನವರೇ. 1969ರಲ್ಲಿ ಹುಟ್ಟಿ, ಅಲ್ಲಿಯ ಕಾವಾದಲ್ಲೂ ಆಮೇಲೆ ಬರೋಡದಲ್ಲೂ ಕಲಿತು, ಮೈಸೂರಿನಲ್ಲೇ ಇದ್ದು ಕೆಲಸ ಮಾಡುವವರು. 2017ರಲ್ಲಿ ಟೋಕಿಯೋದ ಮೋರಿ ಕಲಾ ಸಂಗ್ರಹಾಲಯ ಅವರ ಕೆಲಸಗಳನ್ನೆಲ್ಲ ಒಟ್ಟುಗೂಡಿಸಿ ದೊಡ್ಡ ಪ್ರದರ್ಶನ ಮಾಡಿತು. 1999ರಿಂದ 2001ರವರೆಗೆ ಅವರು ಮೂರು ದೊಡ್ಡ ಕ್ಯಾನ್‌ವಾಸುಗಳ ಒಂದು ಚಿತ್ರ ಬರೆದರು. ಬರುತ್ತೇವೆ, ಉಣ್ಣುತ್ತೇವೆ, ಮಲಗುತ್ತೇವೆ ಎಂಬರ್ಥದ ಹೆಸರು. ಒಂದರಲ್ಲಿ ಬರುವವರು, ಒಂದರಲ್ಲಿ ಪಂಕ್ತಿಯಲ್ಲಿ ಕುಳಿತು ಉಣ್ಣುವವರು, ಒಂದರಲ್ಲಿ ಮಲಗಿದವರು. ಸಾಲು ಸಾಲು ಪುಟ್ಟ ಪುಟ್ಟ ಜನ. ದೂರದಿಂದ ಸೀರೆಯ ಮೇಲಿನ ಬುಟ್ಟಾಗಳ ಹಾಗೆ ಕಾಣುತ್ತಾರೆ. ಹತ್ತಿರ ಹೋದರೆ ಒಬ್ಬರ ಹಾಗೆ ಒಬ್ಬರಿಲ್ಲ. ಹಾಕಿರುವುದು ಅಕ್ರಿಲಿಕ್ ಬಣ್ಣ. ಬೇಗ ಒಣಗುತ್ತದೆ, ಪಕ್ಕದ ಬಣ್ಣಕ್ಕೆ ಇಳಿಯುವುದಿಲ್ಲ, ಸಣ್ಣ ಕುಂಚಕ್ಕೆ ಹೇಳಿ ಮಾಡಿಸಿದ್ದು. ಆದರೆ ಇಲ್ಲಿ ಬಣ್ಣಕ್ಕಿಂತ ದೊಡ್ಡ ಸಾಮಗ್ರಿ ಪುನರಾವರ್ತನೆ. ಅಚ್ಚು ಒತ್ತಿದ್ದರೆ ಒಂದು ದಿನದಲ್ಲಿ ಮುಗಿಯುತ್ತಿತ್ತು. ಅವರು ಒಬ್ಬೊಬ್ಬರನ್ನೂ ಕೈಯಲ್ಲೇ ಬರೆದರು. ಜಾತ್ರೆಯ ದಿನ ನಮ್ಮೂರಿನ ದಾಸೋಹದಲ್ಲಿ ಬಡಿಸಿದವರಿಗೆ ಇದು ತಿಳಿಯುತ್ತದೆ. ಕೂತವರು ಸಾವಿರ ಜನವಾದರೂ ಸೌಟು ಒಂದೊಂದು ಎಲೆಯ ಮುಂದೂ ಒಂದು ಕ್ಷಣ ನಿಲ್ಲಲೇಬೇಕು. ಗುಂಪನ್ನು ಗುಂಪಾಗಿ ಕಂಡು ಸುಮ್ಮನಾಗದೆ ಒಬ್ಬೊಬ್ಬರಾಗಿ ಕಂಡ ಮನಸ್ಸು ಆ ಕೆಲಸದ ಕ್ರಮದಲ್ಲೇ ಇದೆ. ಬೇರೆ ಅರ್ಥ ಹುಡುಕಬೇಕಾಗಿಲ್ಲ.

ಅದೇ ಹರ್ಷ 2008ರಲ್ಲಿ ಟೋಕಿಯೋದಲ್ಲಿ ಉಂಡೆದ್ದ ಬಾಳೆಲೆಗಳ ಸಾಲನ್ನು ಮಾಡಿ ಇಟ್ಟರು. ಎಲೆ, ಅನ್ನ, ಪಲ್ಯ ಎಲ್ಲ ಪ್ಲಾಸ್ಟಿಕ್ಕಿನದು. ಜಪಾನಿನ ಹೋಟೆಲುಗಳ ಗಾಜಿನ ಕಪಾಟಿನಲ್ಲಿ ಇಡುವ ಮಾದರಿ ತಿಂಡಿಗಳ ತರಹದ್ದು. ಪ್ಲಾಸ್ಟಿಕ್ ಎಂದ ಕೂಡಲೇ ಮೂಗು ಮುರಿಯಬೇಡಿ. ನಿಜವಾದ ಬಾಳೆಲೆ ಮಧ್ಯಾಹ್ನಕ್ಕೇ ಸುರುಟುತ್ತದೆ, ಎಂಜಲೆಲೆಯಂತೂ ಯಾರ ಕಣ್ಣಿಗೂ ಬೀಳುವ ಮೊದಲೇ ಯಾರೋ ಎತ್ತಿ ಗೋಮೆ ಹಚ್ಚಿರುತ್ತಾರೆ. ಆ ಯಾರೋ ಯಾರೆಂದು ನಮಗೆ ಗೊತ್ತು. ಎಂದೂ ಎತ್ತದ, ಎಂದೂ ಬಾಡದ ಎಂಜಲೆಲೆಗಳ ಸಾಲನ್ನು ನೋಡಿದಾಗ ಕಲಾರಸಿಕರಿಗೆ ಏನೇನು ಹೊಳೆಯುತ್ತದೋ, ನನಗೆ ಹೊಳೆಯುವುದು ಒಂದೇ: ಎತ್ತುವವರು ಇಲ್ಲದಿದ್ದರೆ ಲೋಕ ಹೀಗಿರುತ್ತದೆ.

ಅವರ ಇನ್ನೊಂದು ಕೆಲಸ 2007ರ 'ನೇಷನ್ಸ್'. ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರಗಳು, ಒಂದರ ಮೇಲೊಂದು ಪೇರಿಸಿದ್ದು. ಒಂದೊಂದರ ಮೇಲೂ ಒಂದೊಂದು ದೇಶದ ಬಾವುಟ. ಬಾವುಟ ಹೊಲಿದದ್ದಲ್ಲ, ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದದ್ದು. ಯಂತ್ರದಿಂದ ಯಂತ್ರಕ್ಕೆ ಬಣ್ಣಬಣ್ಣದ ದಾರ ಹಾದು, ಸಿಕ್ಕುಸಿಕ್ಕಾಗಿ ಜೋತುಬಿದ್ದಿದೆ. ಇದರ ಚಿತ್ರವಿದ್ದ ಪುಸ್ತಕ ಒಮ್ಮೆ ಸ್ಟಾಫ್ ರೂಮಿನ ಮೇಜಿನ ಮೇಲಿತ್ತು. ದೇಶಗಳ ಪರಸ್ಪರ ಸಂಬಂಧ, ಜಾಗತೀಕರಣ ಎಂದು ನಾವು ಶಿಕ್ಷಕರು ಎಲ್ಲರಿಗೂ ಗೊತ್ತಿರುವ ಮಾತನ್ನೇ ಆಡುತ್ತಿದ್ದೆವು. ಮಗಳ ಅಂಕಪಟ್ಟಿಗೆ ಸಹಿ ಹಾಕಲು ಬಂದಿದ್ದ ತಾಯಿಯೊಬ್ಬಳು ಬಗ್ಗಿ ನೋಡಿದಳು. ಗಾರ್ಮೆಂಟ್ಸಿಗೆ ಹೋಗುವವಳು. ಬೆಳಗಿನ ಜಾವ ವ್ಯಾನು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಮನೆ ಕಾಣುವವಳು.

"ಇಷ್ಟೊಂದು ಮಿಷನ್ ಅವೆ, ಒಬ್ರೂ ಕುಂತಿಲ್ವಲ್ಲ ಮಿಸ್?" ಎಂದಳು. ಇನ್ನೂ ಸ್ವಲ್ಪ ನೋಡಿ, "ದಾರ ಹಿಂಗೆ ಸಿಕ್ಕಾಗದೆ ಅಂದ್ರೆ ಕೆಲಸ ನಿಂತೋಗದೆ ಅಂತ. ಬೈಸ್ಕೊಳೋರು ಯಾರು ಅಂತ" ಎಂದು ನಕ್ಕಳು.

ನಮಗೆ ಬಾವುಟ ಕಂಡಿತ್ತು, ಅವಳಿಗೆ ಖಾಲಿ ಸ್ಟೂಲು ಕಂಡಿತು. ಆ ಕೃತಿಯ ಬಗ್ಗೆ ನಾನು ಓದಿದ ಯಾವ ಬರಹದಲ್ಲೂ ಇದಕ್ಕಿಂತ ನೇರವಾದ ಮಾತು ಸಿಕ್ಕಿಲ್ಲ. ದೇಶ ದೇಶಗಳ ಅಂಗಡಿಗಳಿಗೆ ಬಟ್ಟೆ ಹೊಲಿಯುವ ಕೈಗಳು ಎಲ್ಲಿಯೂ ಕಾಣುವುದಿಲ್ಲ, ಬಾವುಟ ಮಾತ್ರ ಕಾಣುತ್ತದೆ. ಯಂತ್ರ ತುಳಿದು ಗೊತ್ತಿರುವವಳು ಅದನ್ನು ಒಂದು ಕ್ಷಣದಲ್ಲಿ ಓದಿದಳು. ಅವಳಿಗೆ ಕಲೆ ಅರ್ಥವಾಗುವುದಿಲ್ಲ ಎಂದು ಯಾರಾದರೂ ಹೇಳುವುದಾದರೆ ಆ ಮಾತು ಅವಳಿಗಲ್ಲ, ಹೇಳಿದವರಿಗೇ ತಿರುಗುತ್ತದೆ.

ಈಗ ಇನ್ನೂ ಕಷ್ಟದ ಕಡೆಗೆ ಹೋಗೋಣ. ಶೀಲಾ ಗೌಡ 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್, ಇಲ್ಲೆಲ್ಲ ಕಲಿತ ಚಿತ್ರಕಾರ್ತಿ. 1992ರ ಕೊನೆಯಲ್ಲಿ ಅಯೋಧ್ಯೆ, ಆಮೇಲೆ ಮುಂಬಯಿಯ ಗಲಭೆಗಳು ನಡೆದ ಕಾಲದಲ್ಲಿ, ಎಣ್ಣೆಬಣ್ಣದಿಂದ ಹೇಳುವುದು ಸಾಲದೆನ್ನಿಸಿ ಸಗಣಿಗೆ ಕೈಹಾಕಿದರು. ಕಾಗದದ ಮೇಲೆ ಸಗಣಿ ಬಳಿದರು, ಸಗಣಿಯ ಇಟ್ಟಿಗೆ, ಉಂಡೆಗಳನ್ನು ಮಾಡಿಟ್ಟರು. ಗೋವಿನ ಹೆಸರಿನಲ್ಲಿ ಕೂಗಾಡುವವರು ಬಹಳ, ಸಗಣಿ ಬಾಚುವವರು ಹೆಂಗಸರು. ಒಂದೇ ವಸ್ತು ಪೂಜೆಯ ನೆಲಕ್ಕೂ ಸೈ, ಬಡವರ ಒಲೆಗೂ ಸೈ. ಹೊಡೆದಾಟದ ಹೊತ್ತಿನಲ್ಲಿ ಯಾರನ್ನೂ ನೋಯಿಸದ ಇಂಥದೊಂದು ವಸ್ತುವನ್ನು ಎತ್ತಿಕೊಂಡದ್ದೇ ಒಂದು ಮಾತು.

ನಮ್ಮ ಶಾಲೆಯ ಮೇಡಂ ಒಬ್ಬರು ಇದನ್ನು ಕೇಳಿ, "ಹಾಗಾದರೆ ನಮ್ಮಜ್ಜಿ ದೊಡ್ಡ ಕಲಾವಿದೆ ಬಿಡಿ, ಎಂಬತ್ತು ವರ್ಷ ಸಾರಿಸಿದ್ದಾಳೆ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅದು ನಕ್ಕು ಬಿಡುವ ಮಾತಲ್ಲ. ಅದಕ್ಕೆ ಉತ್ತರ ಕೊಡದೆ ಈ ಕಲೆಯನ್ನು ಹೊಗಳುವುದು ಮೋಸ. ಆ ಉತ್ತರಕ್ಕೆ ಮೊದಲು ಇನ್ನೆರಡು ಕೆಲಸಗಳನ್ನು ನೋಡೋಣ.

1998ರಲ್ಲಿ ಅವರು ಮೊದಲು ಮಾಡಿದ ಕೃತಿಯೊಂದಕ್ಕೆ, ನನ್ನ ನೋವನ್ನು ಅವನಿಗೆ ಹೇಳು ಎಂಬರ್ಥದ ಇಂಗ್ಲಿಷ್ ಹೆಸರಿದೆ. ಹಾಕಿರುವುದು ಸೂಜಿ, ದಾರ, ಕುಂಕುಮ, ಅಂಟು. ಒಂದೊಂದು ಸೂಜಿಗೂ ನೂರಾರು ಅಡಿ ಉದ್ದದ ದಾರ ಪೋಣಿಸಿ, ಅಂಥ ಎಷ್ಟೋ ದಾರಗಳನ್ನು ಕುಂಕುಮ ಮತ್ತು ಅಂಟು ಕಲಸಿದ ಕೆಂಪಿನಲ್ಲಿ ಒಂದು ಮಾಡಿ ಹಗ್ಗ ಮಾಡಿದರು. ಹಗ್ಗದ ತುದಿಯಲ್ಲಿ ಸೂಜಿಗಳೆಲ್ಲ ಗೊಂಚಲಾಗಿ ತೂಗುತ್ತವೆ. ಆ ಕೆಂಪು ಹಗ್ಗ ಗೋಡೆಯ ಮೇಲೆ, ನೆಲದ ಮೇಲೆ ಸುತ್ತಿಕೊಂಡು ಹೊಕ್ಕುಳ ಬಳ್ಳಿಯಂತೆ, ಕರುಳಿನಂತೆ ಹರಿಯುತ್ತದೆ. ಒಂದು ಗುಂಡಿ ಹಾಕಲು ದಾರ ಸ್ವಲ್ಪ ಉದ್ದ ತೆಗೆದುಕೊಂಡರೇ ಎಳೆದೆಳೆದು ಭುಜ ನೋಯುತ್ತದೆ. ನೂರಾರು ಅಡಿಯನ್ನು ಆ ಪುಟ್ಟ ಕಣ್ಣಿನಲ್ಲಿ ಎಳೆದ ಕೈಯನ್ನು ನೆನೆಸಿಕೊಳ್ಳಿ. ನೋವು ಹೆಸರಿನಲ್ಲಿರುವುದಕ್ಕಿಂತ ಹೆಚ್ಚಾಗಿ ಮಾಡುವ ಕ್ರಮದಲ್ಲಿದೆ. ಮುತ್ತೈದೆತನದ ಕುಂಕುಮ, ಹೆಣ್ಣುಮಕ್ಕಳ ಜಾಣ್ಮೆಯ ಸೂಜಿ, ಎರಡೂ ಸೇರಿ ನೋಡಲು ಚೆಂದ, ಮುಟ್ಟಿದರೆ ಚುಚ್ಚುತ್ತದೆ. ಸಂಸಾರ ಮಾಡಿದವರಿಗೆ ಇನ್ನು ವಿವರಣೆ ಬೇಕೆ?

ಇನ್ನೊಂದು ಕೃತಿ ನಂಜನಗೂಡಿನವಳಾದ ನನ್ನನ್ನು ಬಹಳ ಕಾಡಿದ್ದು. ಹೆಸರು 'ಬಿಹೋಲ್ಡ್', ನೋಡಿ ಎಂದರ್ಥ. 2009ರ ವೆನಿಸ್ ಬಿಯೆನಾಲೆಗೆ ಹೋಗಿತ್ತು, ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಮನುಷ್ಯರ ಕೂದಲಿನಿಂದ ಹೊಸೆದ ಸುಮಾರು ನಾಲ್ಕು ಸಾವಿರ ಮೀಟರು ಹಗ್ಗ, ಆ ಹಗ್ಗದಲ್ಲಿ ತೂಗುಹಾಕಿದ ಇಪ್ಪತ್ತರಷ್ಟು ಕಾರುಗಳ ಉಕ್ಕಿನ ಬಂಪರು. ಹೊಸ ಗಾಡಿ ಕೊಂಡವರು ದೃಷ್ಟಿಯಾಗದಿರಲೆಂದು ಬಂಪರಿಗೆ ಕಟ್ಟುವ ಕಪ್ಪು ಕೂದಲಿನ ಹಗ್ಗ ನಾವೆಲ್ಲ ನೋಡಿದ್ದೇ. ಇಲ್ಲಿ ಕಪಿಲೆಯ ದಂಡೆಯಲ್ಲಿ ದಿನವೂ ಮುಡಿ ಕೊಡುತ್ತಾರೆ. ಮಗುವಿನ ಜ್ವರ ಇಳಿದರೆ ಮುಡಿ, ಗಂಡನ ಕುಡಿತ ಬಿಟ್ಟರೆ ಮುಡಿ. ಕೊಟ್ಟವರು ಸ್ನಾನ ಮಾಡಿ, ತಲೆಗೆ ಗಂಧ ಹಚ್ಚಿಕೊಂಡು ಹಗುರಾಗಿ ಬಸ್ಸು ಹತ್ತುತ್ತಾರೆ. ದೇಶದ ದೊಡ್ಡ ಕ್ಷೇತ್ರಗಳಲ್ಲಿ ಹಾಗೆ ಬಿದ್ದ ಉದ್ದ ಕೂದಲು ಹರಾಜಾಗಿ, ವಿಗ್ಗಾಗಿ, ಸಮುದ್ರ ದಾಟುತ್ತದೆ. ಹರಕೆ ಎಂದು ಕೊಟ್ಟದ್ದು ಸರಕಾಗುತ್ತದೆ. ಶೀಲಾ ಗೌಡ ಅದೇ ಕೂದಲಿಗೆ ಉಕ್ಕನ್ನು ಹೊರಿಸಿದರು. ಉಕ್ಕು ಕೂದಲನ್ನು ಕಾಯುವುದಿಲ್ಲ, ಕೂದಲೇ ಉಕ್ಕನ್ನು ಎತ್ತಿ ಹಿಡಿದಿದೆ. ಯಾರ ಯಾರ ಭಯ, ಯಾರ ಯಾರ ಬೇಡಿಕೆ ಆ ಎಳೆಗಳಲ್ಲಿದೆಯೋ! ನಾನಿದನ್ನು ಪುಸ್ತಕದ ಚಿತ್ರಗಳಲ್ಲಿ ನೋಡಿದ್ದೇನೆ. ಅಷ್ಟಕ್ಕೇ ನಮ್ಮೂರಿನ ಸ್ನಾನಘಟ್ಟದಲ್ಲಿ ನಡೆಯುವಾಗ ಕಾಲು ಒಂದು ಗಳಿಗೆ ನಿಲ್ಲುತ್ತದೆ.

ಇಲ್ಲಿ ಒಂದು ಪರೀಕ್ಷೆ ಹೇಳುತ್ತೇನೆ. ಹೊಸ ಬಗೆಯ ಕೃತಿ ಕಂಡಾಗ ಮನಸ್ಸಿನಲ್ಲೇ ಅದರ ಸಾಮಗ್ರಿ ಬದಲಿಸಿ ನೋಡಿ. ಹುಣಿಸೆಯ ಬದಲು ನಿಂಬೆ ಹಿಂಡಿದರೆ ಅದೇ ಸಾರೇ? ಕೂದಲಿನ ಬದಲು ನೈಲಾನ್ ಹಗ್ಗ ಹಾಕಿದರೆ 'ಬಿಹೋಲ್ಡ್' ಒಂದು ಗ್ಯಾರೇಜು. ಕುಂಕುಮದ ಬದಲು ಅಂಗಡಿಯ ಕೆಂಪು ಪೇಂಟು ಬಳಿದರೆ ಆ ಹಗ್ಗ ಬರಿಯ ಹಗ್ಗ. ಹಾಗಾಗಿ ಅಲ್ಲಿ ಸಾಮಗ್ರಿ ಅಲಂಕಾರವಲ್ಲ, ಅದೇ ಮಾತು. ಆದರೆ ಪ್ರದರ್ಶನಗಳಲ್ಲಿ ಗೋಣಿತಾಟು, ತುಕ್ಕುಮೊಳೆ, ಒಡೆದ ಬಳೆ ಅಂಟಿಸಿದ ಕ್ಯಾನ್‌ವಾಸುಗಳು ಎಷ್ಟೋ ಇರುತ್ತವೆ. ಗೋಣಿಯ ಬದಲು ರಟ್ಟು ಹಾಕಿದರೂ ಅವುಗಳಿಗೆ ಏನೂ ಆಗುವುದಿಲ್ಲ. ಅಂಥವನ್ನು ಧೈರ್ಯವಾಗಿ ಬಿಟ್ಟು ಮುಂದೆ ಹೋಗಬಹುದು. ಹರ್ಷರ ಚಿತ್ರಗಳಿಗೆ ಈ ಪರೀಕ್ಷೆ ಪೂರ್ತಿ ಒಗ್ಗುವುದಿಲ್ಲ. ಅಕ್ರಿಲಿಕ್ ಬದಲು ಬೇರೆ ಬಣ್ಣವಾದರೂ ಅವು ನಿಂತಾವು. ಆದರೆ ಕೈಬರಹದ ಬದಲು ಅಚ್ಚು ಹಾಕಿದರೆ ನಿಲ್ಲಲಾರವು. ಕೆಲವರಲ್ಲಿ ವಸ್ತು ಮಾತಾಡುತ್ತದೆ, ಕೆಲವರಲ್ಲಿ ಮಾಡುವ ಬಗೆ ಮಾತಾಡುತ್ತದೆ.

ಇನ್ನು ಆ ಅಜ್ಜಿಯ ಮಾತಿಗೆ ಬರುತ್ತೇನೆ. ಅಜ್ಜಿ ಸಾರಿಸಿದ ನೆಲ ಸಂಜೆಗೆ ತುಳಿದು ಹೋಗುತ್ತಿತ್ತು, ಬೆಳಿಗ್ಗೆ ಮತ್ತೆ ಸಾರಿಸಬೇಕು. ಮನೆಯವರ ಕಣ್ಣಿಗೆ ಅದು ಕಾಣುತ್ತಿದ್ದದ್ದು ಸಾರಿಸದ ದಿನ ಮಾತ್ರ. ಕಲಾವಿದೆ ಮಾಡುವುದು ಇಷ್ಟೇ: ತುಳಿದು ಹೋಗುವುದನ್ನು ತಡೆದು, ನಿಂತು ನೋಡಿ ಎನ್ನುತ್ತಾಳೆ. ಅಜ್ಜಿಯ ಕೆಲಸ ಕೀಳೆಂದೂ ಅಲ್ಲ, ಎರಡೂ ಒಂದೇ ಎಂದೂ ಅಲ್ಲ. ಆದರೂ ಒಂದು ಮುಳ್ಳು ಉಳಿಯುತ್ತದೆ. ಗ್ಯಾಲರಿಯ ಸಗಣಿಗೆ ಬೆಲೆ ಬಂತು, ಹಟ್ಟಿಯ ಸಗಣಿ ಬಾಚುವವಳಿಗೆ ಏನು ಬಂತು? ಆದ್ದರಿಂದಲೇ ಯಾರ ಕೈ ಎಂಬ ಪ್ರಶ್ನೆಯನ್ನು ಬಿಡಬಾರದು. ಕಲಾವಿದೆ ಸ್ವತಃ ಭುಜ ನೋಯಿಸಿಕೊಂಡು ದಾರ ಎಳೆದಳೋ, ಅಥವಾ ಬೇರೆಯವರಿಂದ ಎಳೆಸಿ ತನ್ನ ಹೆಸರು ಮಾತ್ರ ಬರೆದಳೋ, ಇದರಿಂದ ಕೃತಿಯ ತೂಕವೇ ಬದಲಾಗುತ್ತದೆ. 1941ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಸ್. ಜಿ. ವಾಸುದೇವ್ ಅವರನ್ನು ಈ ವಿಷಯದಲ್ಲಿ ನೆನೆಯಬೇಕು. ಚೋಳಮಂಡಲದ ಕಲಾಗ್ರಾಮದಲ್ಲಿ ಎಣ್ಣೆಬಣ್ಣದ ಜೊತೆ ಬಾತಿಕ್, ತಾಮ್ರದ ತಗಡಿನ ಕೆಲಸ ಮಾಡಿಕೊಂಡು ಬಂದವರು ಅವರು. ತಮ್ಮ ಚಿತ್ರಗಳನ್ನು ರೇಷ್ಮೆಯಲ್ಲಿ ನೇಯಿಸಿದಾಗ ನೇಯ್ದವರು ಸುಬ್ಬರಾಯಲು ಎಂದು ಹೆಸರು ಹಿಡಿದು ಹೇಳಿದರು. ಸೋಮನಾಥಪುರದಲ್ಲಿ ಮಲ್ಲಿತಮ್ಮನಿಗೆ ಸಿಕ್ಕ ಮರ್ಯಾದೆ ಅದು. ಇಂದಿನ ಎಲ್ಲ ಕೈಗಳಿಗೂ ಅದು ಸಿಗಬೇಕು.

ಇದೆಲ್ಲ ಬರೆಯಲು ಇನ್ನೊಂದು ಕಾರಣವಿದೆ. ಎಷ್ಟೋ ಶಾಲೆಗಳಲ್ಲಿ ಚಿತ್ರಕಲೆಗೆ ಶಿಕ್ಷಕರೇ ಇಲ್ಲ. ಇರುವ ಕಡೆ ಆ ಪೀರಿಯಡ್ಡು ಮಾರ್ಚಿಗೆ ಮುಂಚೆಯೇ ಗಣಿತಕ್ಕೆ ಹೋಗಿರುತ್ತದೆ. ಚಿತ್ರ ಓದಲು ಇಳಿಯುತ್ತೇನೆಂದ ಹುಡುಗಿಗೆ ಮನೆಯವರು ಮೊದಲು ಕೇಳುವುದು, "ಅದರಿಂದೇನು ಬರುತ್ತೆ?" ಅವಳ ಬೆರಳಿನಲ್ಲಿ ಅದಾಗಲೇ ರಂಗೋಲಿಯ ಲೆಕ್ಕವಿದೆ, ಹೂ ಕಟ್ಟುವ ಹಿಡಿತವಿದೆ, ಹರಿದ ಲಂಗಕ್ಕೆ ತೇಪೆ ಹಾಕುವ ಜಾಣ್ಮೆಯಿದೆ. ಇವು ಮನೆಗೆಲಸದ ಪಟ್ಟಿಯಲ್ಲಿ ಸೇರಿಹೋಗಿವೆಯೇ ಹೊರತು ತಿಳಿವಳಿಕೆಯ ಪಟ್ಟಿಯಲ್ಲಿಲ್ಲ. ತಾಯಂದಿರಾದ ನಾವೇ ಅವನ್ನು ತಿಳಿವಳಿಕೆ ಎಂದು ಎಣಿಸದಿದ್ದರೆ ಅವಳು ಯಾವ ಧೈರ್ಯದ ಮೇಲೆ ಎಣಿಸುತ್ತಾಳೆ? ನಮಗೆ ಚಿತ್ರ ಅರ್ಥವಾಗುವುದಿಲ್ಲ ಎಂದು ನಾವು ಹೇಳಿದಾಗಲೆಲ್ಲ ಪಕ್ಕದಲ್ಲಿ ನಿಂತ ಆ ಹುಡುಗಿಯೂ ಕೇಳಿಸಿಕೊಳ್ಳುತ್ತಿರುತ್ತಾಳೆ.

ಮುಂದಿನ ಸಲ ಮೈಸೂರಿಗೆ ಸೀರೆಗೋ ಮದುವೆಗೋ ಹೋದಾಗ, ಎಲ್ಲಿಯಾದರೂ ಚಿತ್ರಪ್ರದರ್ಶನವಿದ್ದರೆ ಅರ್ಧ ಗಂಟೆ ಒಳಗೆ ಹೋಗಿ ಬನ್ನಿ, ಮಗಳನ್ನೂ ಕರೆದುಕೊಂಡು. ಚಿತ್ರದ ಪಕ್ಕದಲ್ಲಿ ಒಂದು ಸಣ್ಣ ಚೀಟಿ ಅಂಟಿಸಿರುತ್ತಾರೆ. ಹೆಸರು, ವರ್ಷ ಆದಮೇಲೆ ಅದರ ಕೊನೆಯ ಸಾಲಿನಲ್ಲಿ ಏನೇನು ಹಾಕಿ ಮಾಡಿದ್ದು ಎಂದು ಬರೆದಿರುತ್ತದೆ. ಎಲ್ಲರೂ ಬಿಟ್ಟುಬಿಡುವ ಆ ಸಾಲನ್ನು ಮೊದಲು ಓದಿ. ಅದು ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಕನ್ನಡದಲ್ಲೂ ಹಾಕಿ ಎಂದು ಹೇಳಿ. ಕಲಾವಿದರು ಅಲ್ಲೇ ಇದ್ದರೆ, ಎದುರುಮನೆಯವರ ಗೊಜ್ಜಿಗೆ ಕೇಳುವ ಹಾಗೆ ಕೇಳಿ. ಕೆಲಸ ಗೊತ್ತಿರುವವರು ಯಾರೂ ಆ ಪ್ರಶ್ನೆಗೆ ಬೇಸರಪಟ್ಟುಕೊಂಡದ್ದನ್ನು ನಾನು ಕಂಡಿಲ್ಲ. ಮುಖ ಅರಳಿಸಿಕೊಂಡು, ಅ ಆ ಇಂದ ಹೇಳಲು ಶುರುಮಾಡುತ್ತಾರೆ.